ಕಲ್ಲಿನ ಅಕ್ಷರಕ್ಕೆ ಎಷ್ಟು ಬೆಳಕು?

ಪೂರ್ವಕ್ಕೆ ಮುಖ ಮಾಡಿ ನಿಂತ ಶಾಸನದ ಕಲ್ಲನ್ನು ಮುಂಜಾನೆ ನೋಡಿದವರಿಗೆ ಅದರಲ್ಲಿ ಅಕ್ಷರಗಳೇ ಇಲ್ಲವೇನೋ ಅನ್ನಿಸುವುದುಂಟು. ಎಳೆಬಿಸಿಲು ಕಲ್ಲಿನ ಮೈಗೆ ನೇರವಾಗಿ ಬಡಿಯುತ್ತದೆ. ಗೀರಿನ ತಳಕ್ಕೂ ಅಂಚಿಗೂ ಒಂದೇ ಬೆಳಕು ಬಿದ್ದು ನೆರಳೇ ಹುಟ್ಟುವುದಿಲ್ಲ. ಹೊತ್ತು ಏರಿ ಸೂರ್ಯ ನೆತ್ತಿಯ ಹತ್ತಿರ ಬಂದಾಗ ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಇಳಿಯುತ್ತದೆ. ಆಗ ಒಂದೊಂದು ಗೀರಿನ ಮೇಲಂಚಿನಿಂದ ಸಣ್ಣ ನೆರಳು ಬಿದ್ದು ಸಾಲಿಗೆ ಸಾಲು ಎದ್ದು ಬರುತ್ತದೆ. ಇನ್ನು ಸ್ವಲ್ಪ ಹೊತ್ತು ಕಳೆದರೆ ಕಲ್ಲಿನ ಮುಖ ನೆರಳಿಗೆ ಸರಿಯುತ್ತದೆ, ಅಕ್ಷರ ಮತ್ತೆ ಮಾಯ. ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ ಸೀಮೆಯ ಹಳ್ಳಿಗಳಲ್ಲಿ ಶಾಸನ ಹುಡುಕುತ್ತ ತಿರುಗಿದವರಿಗೆಲ್ಲ ಈ ಚೂರು ಹೊತ್ತಿನ ಬೆಲೆ ಗೊತ್ತು. ಹೊತ್ತು ತಪ್ಪಿದರೆ ಕನ್ನಡಿ ಹಿಡಿದು ಬಿಸಿಲನ್ನು ಓರೆಗೆ ತಿರುಗಿಸುವುದು, ಗುಡಿಯ ಒಳಗಿನ ಕಂಬವಾದರೆ ಕಂದೀಲನ್ನು ಪಕ್ಕದಿಂದ ಹಿಡಿಯುವುದು ಹಳೆಯ ಉಪಾಯಗಳು.

ಈಗ ಅಂಥ ಕಲ್ಲುಗಳಲ್ಲಿ ಎಷ್ಟೋ ಕಂಪ್ಯೂಟರಿನ ತೆರೆಯ ಮೇಲೆ ಚಿತ್ರವಾಗಿ ಸಿಗುತ್ತವೆ. ಚಿತ್ರ ತೋರಿಸುವ ಯಾವ ತಂತ್ರಾಂಶವನ್ನು ತೆರೆದರೂ ಅದರಲ್ಲೊಂದು ಸೆಟ್ಟಿಂಗುಗಳ ಪಟ್ಟಿ ಇರುತ್ತದೆ: ಹೊಳಪು, ಕಪ್ಪು-ಬಿಳುಪಿನ ಅಂತರ, ಹಿನ್ನೆಲೆಯ ಬಣ್ಣ, ಹಿಗ್ಗಿಸುವ ಬಗೆ, ತಿರುಗಿಸುವ ದಿಕ್ಕು. ಮದುವೆಯ ಫೋಟೋ ನೋಡುವವರು ಈ ಪಟ್ಟಿಯ ಗೊಡವೆಗೆ ಹೋಗುವುದಿಲ್ಲ, ಹೋಗಬೇಕಾದ್ದೂ ಇಲ್ಲ. ಶಾಸನ ಓದುವವನಿಗೆ ಮಾತ್ರ ಅದೇ ಕನ್ನಡಿ, ಅದೇ ಕಂದೀಲು. ಈ ಸಣ್ಣ ಪಟ್ಟಿಯ ಹಿಂದೆ ಧಾರವಾಡ ಸೀಮೆಯಲ್ಲಿ ಸುಮಾರು ಇನ್ನೂರು ವರ್ಷದ ಒಂದು ಇತಿಹಾಸವಿದೆ. ಕಲ್ಲಿನ ಮೇಲಿನ ಯಾವ ಗೆರೆ ಅಕ್ಷರ, ಯಾವುದು ಬರೀ ಗಾಯ ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಆ ಇತಿಹಾಸದ ಉದ್ದಕ್ಕೂ ಇದೆ.

ಪ್ರಶ್ನೆ ಸಣ್ಣದಲ್ಲ. ಶಾಸನ ಅಂದರೆ ಬಹುಮಟ್ಟಿಗೆ ಭೂಮಿಯ ದಾನಪತ್ರ. ಇಂಥ ದೇವರಿಗೆ ಇಂಥ ಕೆರೆಯ ಕೆಳಗೆ ಇಷ್ಟು ಮತ್ತರು ಎಂದು ಬರೆದಿರುತ್ತದೆ. ಒಂದರ ಅಂಕಿಯ ಮುಂದೆ ಕಲ್ಲಿನ ಚಕ್ಕೆ ಎದ್ದು ಒಂದು ದುಂಡು ಗುಳಿ ಬಿದ್ದಿದೆ ಎಂದುಕೊಳ್ಳಿ. ಅದನ್ನು ಗುಳಿಯೆಂದು ಬಿಟ್ಟರೆ ಒಂದು ಮತ್ತರು, ಸೊನ್ನೆಯೆಂದು ಓದಿದರೆ ಹತ್ತು. ಅಕ್ಷರದ ಮಗ್ಗುಲಲ್ಲಿ ಅಂಥದೇ ಗುಳಿ ಬಿದ್ದರೆ ಇಲ್ಲದ ಅನುಸ್ವಾರ ಹುಟ್ಟಿಕೊಳ್ಳುತ್ತದೆ. ಪಕಾರದ ಹೊಟ್ಟೆಯಲ್ಲಿ ಒಂದು ಬಿರುಕು ಹಾಯ್ದರೆ ಅದು ಷಕಾರ. ಹೆಸರು ಬದಲಾಯಿತು, ಕುಲ ಬದಲಾಯಿತು, ಕೆಲವೊಮ್ಮೆ ಧರ್ಮವೂ ಬದಲಾಯಿತು.

ಅಣ್ಣಿಗೇರಿಯದೇ ಒಂದು ಉದಾಹರಣೆ ನೋಡಬಹುದು. ಬಾದಾಮಿ ಚಾಲುಕ್ಯರ ಕೊನೆಯ ಅರಸು ಎರಡನೆಯ ಕೀರ್ತಿವರ್ಮನ ಆರನೆಯ ಆಳ್ವಿಕೆಯ ವರ್ಷದ, ಅಂದರೆ ಸುಮಾರು ಕ್ರಿ.ಶ. 751ರ ಶಾಸನವೊಂದು ಅಲ್ಲಿದೆ. ಜೇಬುಳಗೇರಿಯ ಮುಖ್ಯಸ್ಥನಾಗಿದ್ದ ಕಲಿಯಮ್ಮನೆಂಬವನು ಒಂದು ಚೇದಿಯವನ್ನು, ಎಂದರೆ ಜಿನಾಲಯವನ್ನು, ಮಾಡಿಸಿದ ಸಂಗತಿ ಅದರಲ್ಲಿದೆ. ‘ಎಪಿಗ್ರಾಫಿಯಾ ಇಂಡಿಕಾ’ದ 21ನೆಯ ಸಂಪುಟದಲ್ಲಿ ಇದು ಅಚ್ಚಾಗಿದೆ. ಕಲಿಯಮ್ಮ ಎಂಬ ಹೆಸರು ಕೇಳಿ ಹೆಣ್ಣೆಂದು ತಿಳಿಯಬೇಕಾಗಿಲ್ಲ, ಆ ಕಾಲದಲ್ಲಿ ಅದು ಗಂಡಸರ ಹೆಸರು. ಹನ್ನೆರಡೂವರೆ ಶತಮಾನದ ಹಿಂದಿನ ಈ ಮನುಷ್ಯನನ್ನು ನಮಗೆ ಉಳಿಸಿಕೊಟ್ಟದ್ದು ಕಲ್ಲಿನ ಮೇಲಿನ ಕೆಲವೇ ಗೀರುಗಳು. ಅವು ಸವೆದರೆ ಅವನೂ ಇಲ್ಲ, ಅವನ ಬಸದಿಯೂ ಇಲ್ಲ.

ಪಂಪನ ವಿಷಯವೂ ಹೀಗೆಯೇ. ಬನವಾಸಿಯನ್ನು ಅವನು ಹೊಗಳಿದ ರೀತಿ ನೋಡಿ ಅವನು ಆ ಕಡೆಯವನೇ ಇರಬೇಕೆಂದು ಎಣಿಸಿದವರು ಬಹಳ ಮಂದಿ. ಅವನ ತಮ್ಮ ಜಿನವಲ್ಲಭ ತೆಲಂಗಾಣದ ಕರೀಂನಗರದ ಕಡೆ ಕುರಿಕ್ಯಾಲದ ಬೊಮ್ಮಲಗುಟ್ಟದ ಬಂಡೆಯ ಮೇಲೆ ಕೆತ್ತಿಸಿದ ಶಾಸನ ಓದಿದ ಮೇಲೆ ಕಥೆ ಬೇರೆಯಾಯಿತು. ಅವರ ತಾಯಿ ಅಬ್ಬಣಬ್ಬೆ ಬೆಳ್ವೊಲ ನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅಲ್ಲಿ ಬರೆದಿದೆ. ಅಣ್ಣಿಗೇರಿಯಲ್ಲಿ ಇಂದು ಪಂಪನ ಹೆಸರಿನಲ್ಲಿ ನಡೆಯುವ ಎಲ್ಲ ಅಭಿಮಾನಕ್ಕೂ ದೂರದ ಆ ಗುಡ್ಡದ ಬಂಡೆಯೇ ಬುನಾದಿ.

ಈ ಸೀಮೆಯ ಶಾಸನಗಳನ್ನು ಮೊದಲು ಸಾಲುಹಿಡಿದು ಸಂಗ್ರಹಿಸಿದವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಸೈನಿಕರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ. ಸೆರೆಯಿಂದ ಬಿಡುಗಡೆಯಾದ ಮೇಲೆ 1833ರವರೆಗೂ ಧಾರವಾಡ ಸೀಮೆಯಲ್ಲೇ ಉಳಿದ. ಸೆರೆ ಹಿಡಿದವರ ನಾಡಿನ ಮೇಲೆ ಸಿಟ್ಟಾಗದೆ ಅದರ ಹಳೆಯ ಕಲ್ಲುಗಳ ಬೆನ್ನು ಹತ್ತಿದ್ದು ವಿಚಿತ್ರವಾದರೂ ನಿಜ. ಅವನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಅದಿನ್ನೂ ಬಳಕೆಗೆ ಬಂದಿರಲಿಲ್ಲ. ಓದುಬರಹ ಬಲ್ಲವರು ಕಲ್ಲಿನ ಮುಂದೆ ಕುಳಿತು ಕಣ್ಣಿಗೆ ಕಂಡದ್ದನ್ನು ಕಾಗದಕ್ಕೆ ಇಳಿಸುತ್ತಿದ್ದರು. ಹೀಗೆ ಕೂಡಿದ 595 ಶಾಸನಗಳ ಹಸ್ತಪ್ರತಿಗೆ ‘ಕರ್ನಾಟಕ ದೇಶದ ಶಾಸನಗಳು’ ಎಂಬ ಅರ್ಥದ ಹೆಸರಿಟ್ಟ. 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಅವನ ಲೇಖನ ಚಾಲುಕ್ಯರ ವಂಶಾವಳಿಯನ್ನು ಮೊದಲ ಬಾರಿಗೆ ವಿದ್ವಾಂಸರ ಲೋಕದ ಮುಂದೆ ತಕ್ಕಮಟ್ಟಿಗೆ ಬಿಚ್ಚಿಟ್ಟಿತು.

ಆ ಪ್ರತಿಗಳ ಬೆಲೆ ದೊಡ್ಡದು. ಆದರೆ ಪ್ರತಿ ಮಾಡಿದವನು ಗುಳಿಯನ್ನು ಸೊನ್ನೆಯಾಗಿ ಕಂಡಿದ್ದರೆ ಕಾಗದದ ಮೇಲೆ ಇರುವುದು ಸೊನ್ನೆ ಮಾತ್ರ. ಅವನ ಅನುಮಾನ ಕಾಗದಕ್ಕೆ ಇಳಿಯಲಿಲ್ಲ. ಸವೆದ ಸಾಲನ್ನು ಅವನು ಬಲ್ಲ ಬೇರೊಂದು ಶಾಸನದ ಮಾತಿನಿಂದ ತುಂಬಿದ್ದರೂ ಇಂದು ಗೊತ್ತಾಗುವುದು ಕಷ್ಟ. ಮೂಲ ಕಲ್ಲು ಸಿಕ್ಕರೆ ತಾಳೆ ನೋಡಬಹುದು. ಸಿಗದಿದ್ದರೆ ಅವನ ಕಣ್ಣೇ ಗತಿ.

ಮುಂದಿನ ಹೆಜ್ಜೆ ಫೋಟೋ. ಮುಂಬಯಿ ಸರಕಾರ 1855ರಲ್ಲಿ ತೋಪಿನ ದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ವಿಜಾಪುರ, ಬಾದಾಮಿ, ಐಹೊಳೆಗಳ ಕಡೆ ಕಳಿಸಿ ಗುಡಿ-ಶಾಸನಗಳ ಚಿತ್ರ ತೆಗೆಸಿತು. ಅವನ ನಂತರ ಆ ಕೆಲಸ ಡಾಕ್ಟರ್ ಪಿಗೌ ಪಾಲಿಗೆ ಬಂತು. ಇವರ ಚಿತ್ರಗಳನ್ನು ಸೇರಿಸಿ 1866ರಲ್ಲಿ ಥಿಯೋಡೋರ್ ಹೋಪ್ ಧಾರವಾಡ ಮತ್ತು ಮೈಸೂರಿನ ಶಾಸನಗಳ ಫೋಟೋ ಸಂಪುಟವನ್ನು ಹೊರತಂದ. ಮೈಸೂರು ಸೀಮೆಯಲ್ಲಿ ಮೇಜರ್ ಡಿಕ್ಸನ್ 1865ರಲ್ಲಿ ಇಂಥದೇ ಕೆಲಸ ಮಾಡಿದ್ದ. ಬಿ.ಎಲ್. ರೈಸ್ 1879ರಲ್ಲಿ ಹೊರತಂದ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ಗೆ ಬಹುಮಟ್ಟಿಗೆ ಆ ಫೋಟೋಗಳೇ ಆಧಾರ.

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂಬ ಮಾತಿದೆ. ಅಂದಿನ ಕ್ಯಾಮೆರಾಕ್ಕೆ ಆ ಸಾಮರ್ಥ್ಯ ಬೇಕಾಗಿಯೂ ಇರಲಿಲ್ಲ, ಅದರ ಮುಂದಿನ ಕಲ್ಲನ್ನೇ ಮೊದಲು ತಿದ್ದಿ ಇಡಲಾಗುತ್ತಿತ್ತು. ಸವೆದ ಅಕ್ಷರ ಚಿತ್ರದಲ್ಲಿ ಮೂಡುವುದಿಲ್ಲವೆಂದು ಗೀರುಗಳೊಳಗೆ ಸುಣ್ಣವನ್ನೋ ಬಿಳಿ ಬಣ್ಣವನ್ನೋ ತುಂಬಿ ಚಿತ್ರ ತೆಗೆಯುವುದು ಆ ಕಾಲದ ರೂಢಿ. ತುಂಬುವವನಿಗೆ ಹಳಗನ್ನಡ ಲಿಪಿ ಬರುತ್ತಿತ್ತೆಂದು ನಂಬಲು ಆಧಾರವಿಲ್ಲ. ಬಿರುಕಿಗೂ ಸುಣ್ಣ, ಗುಳಿಗೂ ಸುಣ್ಣ. ಕುಂಚ ಹಿಡಿದವನು ಅಕ್ಷರ ಎಂದದ್ದೇ ಅಕ್ಷರವಾಯಿತು. ಎಲಿಯಟ್ಟನ ಪ್ರತಿಕಾರನಿಗಾದರೂ ಓದು ಬರುತ್ತಿತ್ತು.

ಇದಕ್ಕೆ ಉತ್ತರವಾಗಿ ನೆಲೆನಿಂತದ್ದು ಪಡಿಯಚ್ಚು. ಇಂದಿಗೂ ಶಾಸನ ಇಲಾಖೆಯವರು ಬಳಸುವ ಕ್ರಮ ಇದೇ. ಕಲ್ಲನ್ನು ನೀರಿನಿಂದ ತಿಕ್ಕಿ ತೊಳೆದು, ಒದ್ದೆ ಕಾಗದವನ್ನು ಅದರ ಮೈಗೆ ಅಂಟಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಹದವಾಗಿ ಬಡಿಯುತ್ತ ಹೋಗುತ್ತಾರೆ. ಕಾಗದ ಗೀರುಗಳೊಳಕ್ಕೆ ಇಳಿಯುತ್ತದೆ. ಅದು ಅರೆ ಒಣಗಿದಾಗ ಮಸಿ ಹಚ್ಚಿದ ಬಟ್ಟೆಯ ಗುಬ್ಬಿಯಿಂದ ಮೇಲೆ ಮೇಲೆ ತಟ್ಟುತ್ತಾರೆ. ಉಬ್ಬಿದ ಮೈಗೆ ಮಸಿ ಹತ್ತುತ್ತದೆ, ಗೀರಿನೊಳಗೆ ಇಳಿದ ಕಾಗದಕ್ಕೆ ಹತ್ತುವುದಿಲ್ಲ. ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ನಿಲ್ಲುತ್ತದೆ. ಮಸಿ ಬೀಳುವುದು ಕಾಗದದ ಹೊರಮೈಗೆ, ಹಾಗಾಗಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗದೆ ನೆಟ್ಟಗೇ ಇರುತ್ತದೆ. ಮಸಿ ಹಚ್ಚದೆ ಬರೀ ಒತ್ತು ತೆಗೆದ ಕಾಗದವನ್ನು ಹಿಂಬದಿಯಿಂದ ನೋಡಿದರೆ ಮಾತ್ರ ಎಲ್ಲವೂ ಎಡಬಲ ಅದಲುಬದಲು. ಓದುಬರಹ ಬಾರದವನು ಪಡಿಯಚ್ಚು ತೆಗೆದರೂ ಕಲ್ಲು ತನ್ನ ಗುರುತನ್ನು ತಾನೇ ಕಾಗದಕ್ಕೆ ಒತ್ತುತ್ತದೆ, ಇದರ ಹೆಚ್ಚುಗಾರಿಕೆ ಅದೇ. ಕೈ ಭಾರವಾಗಿ ಮಸಿ ಗೀರಿನೊಳಗೆ ಇಳಿದರೆ ಅಕ್ಷರ ಮುಚ್ಚಿಹೋಗುವುದೂ ಉಂಟು.

ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಮುಂಬಯಿ ಸರಕಾರದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಕನ್ನಡ ಕಲಿತು ಶಾಸನಗಳಿಗೆ ತನ್ನ ಆಯುಷ್ಯ ಕೊಟ್ಟವನು. ಹಳೆಯ ಫೋಟೋಗಳನ್ನು ಪರಿಷ್ಕರಿಸಿ 1878ರಲ್ಲಿ ಒಂದು ಸಂಪುಟ ತಂದ. ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ವರ್ಷಗಟ್ಟಲೆ ಈ ಭಾಗದ ಶಾಸನಗಳನ್ನು ಪ್ರಕಟಿಸಿದ. 1883ರಲ್ಲಿ ಭಾರತ ಸರಕಾರದ ಶಾಸನತಜ್ಞನಾದ. ಕೈಯಿಂದ ತಿದ್ದಿದ ಪ್ರತಿಗಿಂತ ಯಂತ್ರದಿಂದ ಮೂಡಿದ ಪ್ರತಿಯನ್ನೇ ನೆಚ್ಚಬೇಕೆಂಬ ಪಕ್ಷ ಅವನದು.

ಫ್ಲೀಟನ ನಂತರ ಈ ಸೀಮೆಯ ಕೆಲಸ ನಿಧಾನವಾಯಿತು. ಅದಕ್ಕೆ ರಾಜಕೀಯವೂ ಕಾರಣ. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಗಡಿಯೊಳಗೇ ನಿಂತಿತು. ಧಾರವಾಡ ಮುಂಬಯಿ ಪ್ರಾಂತದ್ದು. ಕುಂದಗೋಳವಂತೂ ಸುತ್ತಲೂ ಬ್ರಿಟಿಷ್ ಸೀಮೆ ಇದ್ದು ತಾನು ಮಾತ್ರ ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಶಂಭುಲಿಂಗನ ಗುಡಿಯನ್ನೂ ಅಣ್ಣಿಗೇರಿಯ ಅಮೃತೇಶ್ವರನನ್ನೂ ಹೆನ್ರಿ ಕಸಿನ್ಸ್ ತನ್ನ 1926ರ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿ ವರ್ಣಿಸಿದ. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು. 1940ರಲ್ಲಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11ನೆಯ ಸಂಪುಟ ಮುಂಬಯಿ ಕರ್ನಾಟಕದ ಶಾಸನಗಳಿಗೆಂದೇ ಬಂತು.

ಈ ಸಂಪುಟಗಳನ್ನು ತಿರುವಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಪಾಠ ಇದೆ, ಚಿತ್ರ ವಿರಳ. ಎಲ್ಲ ಪಡಿಯಚ್ಚುಗಳನ್ನೂ ಅಚ್ಚು ಹಾಕಿಸುವ ಖರ್ಚನ್ನು ಯಾರು ಹೊರಬೇಕು? ಆ ಕೊರತೆಯನ್ನು ಸಂಪಾದಕರು ಒಂದು ಪ್ರಾಮಾಣಿಕ ಪದ್ಧತಿಯಿಂದ ತುಂಬಿದರು. ಅನುಮಾನದ ಅಕ್ಷರಕ್ಕೆ ಚೌಕ ಕಂಸ ಹಾಕಿದರು, ಹೋಗಿಯೇಬಿಟ್ಟ ಅಕ್ಷರದ ಜಾಗದಲ್ಲಿ ಚುಕ್ಕೆ ಇಟ್ಟರು. ‘ಇಲ್ಲಿ ನನಗೆ ಖಾತ್ರಿ ಇಲ್ಲ’ ಎಂದು ಹೇಳುವ ಆ ಕಂಸ ಎಲಿಯಟ್ಟನ ಪ್ರತಿಕಾರನ ಬಳಿ ಇರಲಿಲ್ಲ, ಸುಣ್ಣದ ಕುಂಚದವನ ಬಳಿಯೂ ಇರಲಿಲ್ಲ. ಪಡಿಯಚ್ಚು ಮಾತ್ರ ಕಪಾಟಿನಲ್ಲೇ ಉಳಿಯಿತು. ಕೇಂದ್ರ ಸರಕಾರದ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂದ ಮೇಲೂ, ಸಂಪಾದಕನ ಓದನ್ನು ಒರೆಹಚ್ಚಬೇಕೆಂದ ಹಳ್ಳಿಯ ಮಾಸ್ತರನು ಮೈಸೂರಿನವರೆಗೆ ಹೋಗಬೇಕಿತ್ತು.

ಕಂಪ್ಯೂಟರು ಬದಲಾಯಿಸಿದ್ದು ಇದನ್ನು. 2023ರ ಕೇಂದ್ರ ಬಜೆಟ್ಟಿನಲ್ಲಿ ‘ಭಾರತ ಶ್ರೀ’ ಎಂಬ ಶಾಸನ ಭಂಡಾರದ ಘೋಷಣೆಯಾಯಿತು, ಮೊದಲ ಹಂತದಲ್ಲಿ ಒಂದು ಲಕ್ಷ ಶಾಸನಗಳನ್ನು ಡಿಜಿಟಲ್ ರೂಪಕ್ಕೆ ತರುವ ಗುರಿಯೊಂದಿಗೆ. ಮಾಸ್ತರನು ಇದ್ದಲ್ಲಿಯೇ ಕುಳಿತು ಪಡಿಯಚ್ಚನ್ನು ತೆರೆಯ ಮೇಲೆ ನೋಡುವ ಕಾಲ ಹತ್ತಿರ ಬಂದಿದೆ. ನೋಡುವ ಉಪಕರಣಕ್ಕೂ ಹೆಚ್ಚು ಹಣ ಬೇಕಿಲ್ಲ. ಬೋಸ್ನಿಯಾದ ಯಾಯ್ಚೆ ಊರಿನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಓದಿದ ಇರ್ಫಾನ್ ಸ್ಕಿಲ್ಯಾನ್ 1996ರಲ್ಲಿ ಬಿಡುಗಡೆ ಮಾಡಿದ ‘ಇರ್ಫಾನ್‌ವ್ಯೂ’ ಎಂಬ ಪುಟ್ಟ ತಂತ್ರಾಂಶ ಸ್ವಂತ ಬಳಕೆಗೆ ಇಂದಿಗೂ ಉಚಿತ. ಇಂಥವು ಇನ್ನೂ ಹಲವು ಇವೆ. ಪಟ್ಟಿಯಲ್ಲಿ ಹೆಸರುಗಳು ಅಷ್ಟಿಷ್ಟು ಬೇರೆಯಾದರೂ ಒಳಗಿನ ಕೆಲಸ ಒಂದೇ.

ಕಂಪ್ಯೂಟರಿಗೆ ಪಡಿಯಚ್ಚು ಅಂದರೆ ಅಂಕಿಗಳ ಹೊಲ. ಒಂದೊಂದು ಚುಕ್ಕೆಗೂ ಒಂದು ಅಂಕಿ: ಕಡುಕಪ್ಪಿಗೆ 0, ಅಚ್ಚ ಬಿಳಿಗೆ 255, ನಡುವೆ ಬೂದು ಬಣ್ಣದ ಮೆಟ್ಟಿಲುಗಳು. ಚಿತ್ರ ತೆರೆದೊಡನೆ ತಂತ್ರಾಂಶ ಮೊದಲು ಮಾಡುವುದು ಇಡೀ ಚಿತ್ರವನ್ನು ತೆರೆಯ ಅಳತೆಗೆ ಕುಗ್ಗಿಸುವುದು. ಆರು ಸಾವಿರ ಚುಕ್ಕೆ ಅಗಲದ ಚಿತ್ರ ಸಾವಿರದೈನೂರು ಚುಕ್ಕೆಯ ಕಿಟಕಿಯಲ್ಲಿ ಕೂಡಬೇಕಾದರೆ ಹದಿನಾರು ಚುಕ್ಕೆ ಸೇರಿ ಒಂದಾಗಬೇಕು. ಕೂದಲೆಳೆಯ ಗೀರು ಅಲ್ಲಿಯೇ ಸತ್ತಿತು. ಓದಲು ಕೂಡ್ರುವವನು ಮೊದಲು ಈ ಹೊಂದಾಣಿಕೆಯನ್ನು ಬಿಡಿಸಿ ನೂರಕ್ಕೆ ನೂರು ಅಳತೆಯಲ್ಲಿ, ಒಂದು ಚುಕ್ಕೆಗೆ ಒಂದು ಚುಕ್ಕೆಯಂತೆ, ನೋಡಬೇಕು.

ಅದಕ್ಕೂ ಹೆಚ್ಚು ಹಿಗ್ಗಿಸಿದಾಗ ಬೇರೆ ತೊಡಕು. ಒಂದು ಚುಕ್ಕೆ ದೊಡ್ಡದಾಗಿ ಚೌಕಗಳು ಕಾಣತೊಡಗುತ್ತವೆ. ನೋಡಲು ಚೆಂದವಿರಲೆಂದು ತಂತ್ರಾಂಶ ಚೌಕ ಚೌಕಗಳ ನಡುವೆ ಇಲ್ಲದ ಬೂದು ಬಣ್ಣಗಳನ್ನು ಲೆಕ್ಕಹಾಕಿ ತುಂಬಿ ನಯ ಮಾಡುತ್ತದೆ. ಈ ನಯದಲ್ಲಿ ತುಂಡಾದ ಗೀರಿನ ಎರಡು ತುದಿಗಳು ಕೂಡಿದಂತೆ ಕಾಣಬಹುದು. ನಯಗೊಳಿಸುವ ಆಯ್ಕೆಯನ್ನು ಪಟ್ಟಿಯಲ್ಲಿ ತೆಗೆದುಹಾಕಿದರೆ ಚಿತ್ರ ಒರಟಾಗುತ್ತದೆ, ಆದರೆ ತುಂಡು ತುಂಡಾಗಿಯೇ ಕಾಣುತ್ತದೆ. ಮೊದಲು ಒರಟನ್ನು ನೋಡಿ ಆಮೇಲೆ ನಯವನ್ನು ನೋಡುವುದು ಒಳ್ಳೆಯ ಕ್ರಮ.

ಹಿನ್ನೆಲೆಯ ಬಣ್ಣ ಬರೀ ಅಲಂಕಾರವೆಂದು ತೋರಬಹುದು. ಹಾಗಲ್ಲ. ಒಂದೇ ಬೂದು ಬಣ್ಣ ಬಿಳಿಯ ಪಕ್ಕದಲ್ಲಿ ಕಪ್ಪಾಗಿ, ಕಪ್ಪಿನ ಪಕ್ಕದಲ್ಲಿ ಬೆಳ್ಳಗಾಗಿ ಕಾಣುವುದು ಕಣ್ಣಿನ ಸ್ವಭಾವ. ಕಪ್ಪು ನೆಲದ ಪಡಿಯಚ್ಚಿನ ಸುತ್ತ ಝಗಝಗಿಸುವ ಬಿಳಿ ಅಂಚಿದ್ದರೆ ಮಸಿಯ ಒಳಗಿನ ಸೂಕ್ಷ್ಮಗಳು ಮುಳುಗುತ್ತವೆ. ನಡುವಣ ಬೂದು ಬಣ್ಣವನ್ನು ಹಿನ್ನೆಲೆಗೆ ಇಟ್ಟುಕೊಂಡರೆ ಕಣ್ಣಿಗೆ ಆಯಾಸವೂ ಕಡಿಮೆ.

ಇನ್ನು ಹೊಳಪು. ಹೆಚ್ಚಿನವರು ಕೈಹಾಕುವುದು ಇದಕ್ಕೇ, ತಪ್ಪು ಮಾಡುವುದೂ ಇಲ್ಲಿಯೇ. ಹೊಳಪು ಏರಿಸುವುದೆಂದರೆ ಎಲ್ಲ ಅಂಕಿಗಳಿಗೂ ಒಂದೇ ಮೊತ್ತ ಕೂಡಿಸಿದ ಹಾಗೆ. 220 ಇದ್ದದ್ದೂ 240 ಇದ್ದದ್ದೂ ಮಿತಿ ದಾಟಿ 255ರಲ್ಲಿ ಬಂದು ಗುಂಪಾಗುತ್ತವೆ. ಅವುಗಳ ನಡುವೆ ಇದ್ದ ಇಪ್ಪತ್ತು ಮೆಟ್ಟಿಲಿನ ವ್ಯತ್ಯಾಸ ಕಾಣದಾಗುತ್ತದೆ, ಅದರಲ್ಲೇ ಒಂದು ಒತ್ತಕ್ಷರ ಇದ್ದಿರಬಹುದು. ಗಾಮಾ ಎಂಬ ಇನ್ನೊಂದು ಅಳತೆಗೋಲು ಹೀಗೆ ಮಾಡುವುದಿಲ್ಲ. ಅದು ಎರಡು ತುದಿಗಳನ್ನು ಇದ್ದಲ್ಲೇ ಬಿಟ್ಟು ನಡುವಿನ ಬೂದು ಬಣ್ಣಗಳನ್ನು ಮಾತ್ರ ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ. ಮಸಿ ಹೆಚ್ಚಾಗಿ ಕಟ್ಟಿಕೊಂಡ ಪಡಿಯಚ್ಚಿಗೆ ಇದೇ ಸರಿಯಾದ ಮದ್ದು. ಕಪ್ಪನ್ನು ಬಿಳುಪಾಗಿಸಿ ಬಿಳುಪನ್ನು ಕಪ್ಪಾಗಿಸುವ ನೆಗೆಟಿವ್ ಆಯ್ಕೆಯೂ ಬಹಳ ಉಪಯೋಗದ್ದು. ಬಿಳಿ ಕಾಗದದ ಮೇಲೆ ಕಪ್ಪಕ್ಷರ ಓದಿ ಬೆಳೆದ ಕಣ್ಣಿಗೆ, ಪಡಿಯಚ್ಚು ಹಾಗೆ ತಿರುಗಿದೊಡನೆ ಸಾಲುಗಳು ಪುಸ್ತಕದ ಸಾಲಿನಂತೆ ಹಿಡಿತಕ್ಕೆ ಸಿಗುತ್ತವೆ.

ತಿರುಗಿಸುವ ಸೆಟ್ಟಿಂಗಿನದು ಬೇರೆಯೇ ಮೋಜು. ಪಡಿಯಚ್ಚಿನ ಬದಲು ಕಲ್ಲಿನದೇ ಫೋಟೋ ನೋಡುವಾಗ ಕೆಲವೊಮ್ಮೆ ಕೊರೆದ ಅಕ್ಷರಗಳು ಉಬ್ಬಿದಂತೆ ಕಾಣುತ್ತವೆ. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ಎಣಿಸಿಕೊಂಡಿರುತ್ತದೆ. ಫೋಟೋದಲ್ಲಿ ಬೆಳಕು ಕೆಳಗಿನಿಂದ ಬಿದ್ದಿದ್ದರೆ ಗುಳಿ ಗುಬ್ಬಿಯಾಗುತ್ತದೆ, ಗುಬ್ಬಿ ಗುಳಿಯಾಗುತ್ತದೆ. ಡೇವಿಡ್ ಬ್ರೂಸ್ಟರ್ ಈ ಭ್ರಮೆಯ ಬಗ್ಗೆ 1826ರಲ್ಲೇ ಬರೆದಿದ್ದ. ಇಂಥಲ್ಲಿ ಚಿತ್ರವನ್ನು ತಲೆಕೆಳಗು ಮಾಡಿದರೆ ಕೊರೆತ ಕೊರೆತವಾಗಿಯೇ ಕಾಣುತ್ತದೆ, ಆದರೆ ಅಕ್ಷರ ತಲೆಕೆಳಗು. ಹೀಗೆ ನೋಡಿ ಗೀರು ಯಾವುದು ಉಬ್ಬು ಯಾವುದು ಎಂದು ಗುರುತು ಮಾಡಿಕೊಂಡು, ಮತ್ತೆ ನೆಟ್ಟಗೆ ಮಾಡಿ ಓದಬೇಕು. ಎಡಬಲ ಕನ್ನಡಿಯಾಗಿಸುವ ಆಯ್ಕೆ ಮಸಿಯಿಲ್ಲದ ಒತ್ತುಕಾಗದವನ್ನು ಹಿಂದಿನಿಂದ ತೆಗೆದ ಚಿತ್ರಕ್ಕೆ ಬೇಕು.

ಈ ಎಲ್ಲದರಲ್ಲೂ ಒಂದು ದೊಡ್ಡ ಅನುಕೂಲವಿದೆ. ಸುಣ್ಣದ ಕುಂಚ ಕಲ್ಲನ್ನೇ ಬದಲಾಯಿಸಿತು, ಇಲ್ಲಿ ಬದಲಾಗುವುದು ತೋರುವ ಬಗೆ ಮಾತ್ರ. ಗಾಮಾ ಎಳೆದರೂ, ಬಣ್ಣ ತಿರುಗಿಸಿದರೂ ಕಡತದಲ್ಲಿರುವ ಅಂಕಿಗಳು ಇದ್ದಂತೆಯೇ ಇರುತ್ತವೆ. ಕಿಟಕಿ ಮುಚ್ಚಿ ತೆರೆದರೆ ಮೊದಲಿನ ಪಡಿಯಚ್ಚೇ ಎದುರಿಗೆ ನಿಲ್ಲುತ್ತದೆ. ಆದರೆ ‘ಸೇವ್’ ಒತ್ತುವವರೆಗೆ ಮಾತ್ರ. ತಿದ್ದಿದ ಚಿತ್ರವನ್ನು ಅದೇ ಹೆಸರಿನಲ್ಲಿ ಉಳಿಸಿದರೆ ನೋಟ ಹೋಗಿ ಕುಂಚವಾಯಿತು. ಗುಂಪಾಗಿ 255ಕ್ಕೆ ಸೇರಿದ ಅಂಕಿಗಳು ಮರಳಿ ಬೇರೆಯಾಗುವುದಿಲ್ಲ. ಅದರ ಮೇಲೆ ಜೆಪೆಗ್ ರೂಪದಲ್ಲಿ ಉಳಿಸಿದರೆ ಗಾತ್ರ ಇಳಿಸಲು ಇನ್ನಷ್ಟು ಸೂಕ್ಷ್ಮಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಮೂಲ ಕಡತಕ್ಕೆ ಬೀಗ ಹಾಕಿ ಅದರ ಪ್ರತಿಯ ಮೇಲೆ ಕೆಲಸ ಮಾಡಬೇಕೆಂದು ಬಲ್ಲವರು ಹೇಳುವುದು ಇದಕ್ಕೇ.

ಯಂತ್ರ ತಾನಾಗಿ ಅಕ್ಷರ ಬದಲಿಸಿದ್ದೂ ಇದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ತಜ್ಞ, ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರುಗಳು ಕಾಗದದಲ್ಲಿದ್ದ 6ನ್ನು ಪ್ರತಿಯಲ್ಲಿ 8 ಮಾಡುತ್ತಿರುವುದನ್ನು ಪತ್ತೆಹಚ್ಚಿದ. ಜಾಗ ಉಳಿಸಲು ಯಂತ್ರ ಒಂದೇ ತೆರನಾಗಿ ಕಂಡ ಆಕೃತಿಗಳನ್ನು ಒಂದೇ ಎಂದೆಣಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಕೂಡಿಸುತ್ತಿತ್ತು. ಅಕ್ಷರ ಮಸುಕಾಗಿದ್ದರೆ ಓದುವವನಿಗೆ ಅನುಮಾನ ಬರುತ್ತದೆ. ಅಲ್ಲಿ ಮಸುಕೂ ಇರಲಿಲ್ಲ, ತಪ್ಪು ಅಂಕಿ ಸ್ವಚ್ಛವಾಗಿ, ಚೂಪಾಗಿ ಕುಳಿತಿತ್ತು. ಕನ್ನಡದ ೬ ಮತ್ತು ೯ರ ಹೋಲಿಕೆಯನ್ನು ಬಲ್ಲವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಾಗಿಲ್ಲ. ಈಗಿನ ಮೊಬೈಲುಗಳ ಕ್ಯಾಮೆರಾ ಕೂಡ ಕೇಳದೆಯೇ ಅಂಚುಗಳನ್ನು ಚೂಪು ಮಾಡಿ, ಒರಟನ್ನು ನಯ ಮಾಡಿ ಕೊಡುತ್ತದೆ. ಮುಖದ ಫೋಟೋಕ್ಕೆ ಅದು ಉಪಕಾರವಿರಬಹುದು. ಶಾಸನದ ಕಲ್ಲಿಗೆ ಅದು ಹಳೆಯ ಸುಣ್ಣದ ಕುಂಚವೇ ಸರಿ.

ಕಲ್ಲುಗಳ ಕಡೆ ನೋಡಿದರೆ ಹೊತ್ತು ಹೆಚ್ಚಿಲ್ಲ. ನವಲಗುಂದದ ಎರೆಭೂಮಿಯಲ್ಲಿ ಚಪ್ಪಟೆ ಕಲ್ಲು ಸಿಗುವುದೇ ಅಪರೂಪ. ಇಂಥ ಕಡೆ ಹಳೆಯ ಶಾಸನದ ಕಲ್ಲು ಕಟ್ಟೆಗೋ ಮೆಟ್ಟಿಲಿಗೋ ಬಟ್ಟೆ ಒಗೆಯುವ ಕಲ್ಲಾಗಿಯೋ ಸೇರಿದರೆ ಅಚ್ಚರಿಯಿಲ್ಲ. ಮಲೆನಾಡಿನ ಸೆರಗಾದ ಕಲಘಟಗಿಯ ಕಡೆ ಮಳೆಗಾಲದ ಪಾಚಿ ಅಕ್ಷರದೊಳಗೆ ಬೇರು ಬಿಡುತ್ತದೆ. ಎಲ್ಲ ಕಡೆಯೂ ಇರುವ ಕಂಟಕವೆಂದರೆ ಆಯಿಲ್ ಪೇಂಟು. ಜಾತ್ರೆಯ ಮುಂಚೆ ಗುಡಿಗೆ ಬಣ್ಣ ಹೊಡೆಸುವಾಗ ಪಕ್ಕದ ವೀರಗಲ್ಲಿಗೂ ಶಾಸನಕ್ಕೂ ಒಂದು ಕೈ ಬೀಳುತ್ತದೆ. ಭಕ್ತಿಯಿಂದ ಮಾಡಿದ್ದು, ಬೈಯುವುದು ಹೇಗೆ? ಒಂದು ಸಲ ಹೊಡೆದ ಬಣ್ಣದ ದಪ್ಪ ಸಣ್ಣ ಗೀರಿನ ಆಳಕ್ಕೆ ಸಮವಾದರೆ ಯಾವ ಓರೆ ಬಿಸಿಲಿಗೂ ಅಲ್ಲಿ ನೆರಳು ಹುಟ್ಟುವುದಿಲ್ಲ, ಪಡಿಯಚ್ಚಿನ ಕಾಗದಕ್ಕೆ ಇಳಿಯಲು ಜಾಗವೂ ಇರುವುದಿಲ್ಲ.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ 2021ರಿಂದ ಶಾಸನಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆಸಿದೆ. ಇದರಲ್ಲಿ ಚಿತ್ರದ ಚುಕ್ಕೆಗೆ ಬಣ್ಣದ ಅಂಕಿಯ ಬದಲು ಆಳದ ಅಂಕಿ ಇರುತ್ತದೆ. ಬಣ್ಣ, ಕುಂಕುಮ, ಎಣ್ಣೆಯ ಕಲೆಗಳೆಲ್ಲ ಲೆಕ್ಕದಿಂದ ಹೊರಗೆ ಬಿದ್ದು ಕಲ್ಲಿನ ಏರಿಳಿತವಷ್ಟೇ ಉಳಿಯುತ್ತದೆ. ಇದಕ್ಕಿಂತ ಮೊದಲು, 2001ರಲ್ಲಿ, ಅಮೆರಿಕದ ಎಚ್‌ಪಿ ಪ್ರಯೋಗಶಾಲೆಯ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಇನ್ನೊಂದು ದಾರಿ ತೋರಿಸಿದ್ದರು. ಕಲ್ಲನ್ನೂ ಕ್ಯಾಮೆರಾವನ್ನೂ ಅಲುಗಿಸದೆ, ದೀಪವನ್ನು ಮಾತ್ರ ಬೇರೆ ಬೇರೆ ದಿಕ್ಕಿನಲ್ಲಿ ಹಿಡಿದು ಹಲವು ಚಿತ್ರ ತೆಗೆಯುತ್ತಾರೆ. ತಂತ್ರಾಂಶ ಅವನ್ನೆಲ್ಲ ಕೂಡಿಸುತ್ತದೆ. ನೋಡುವವನು ತೆರೆಯ ಮೇಲೆ ಮೌಸನ್ನು ಸರಿಸಿದರೆ ಬೆಳಕು ಕಲ್ಲಿನ ಸುತ್ತ ಸರಿಯುತ್ತದೆ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿನ ಮುಂದೆ ವಿದ್ವಾಂಸರು ಕಾಯುತ್ತಿದ್ದ ಆ ಚೂರು ಹೊತ್ತು ಸೆಟ್ಟಿಂಗಿನ ಪಟ್ಟಿಗೇ ಬಂದು ಸೇರಿದಂತಾಯಿತು.

ಎಲಿಯಟ್ಟನ ಹಸ್ತಪ್ರತಿಯ ಒಂದು ನಕಲು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಗೂ ಇನ್ನೊಂದು ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೂ ಸೇರಿದವು. ಆ ಹಾಳೆಗಳ ಚಿತ್ರವನ್ನು ತೆರೆಯ ಮೇಲೆ ಎಷ್ಟು ಹಿಗ್ಗಿಸಿದರೂ, ಯಾವ ಗಾಮಾ ಕೊಟ್ಟರೂ ಕಾಣುವುದು ಮಸಿಯಲ್ಲಿ ಬರೆದ ಸೊನ್ನೆ. ಕಲ್ಲು ಇನ್ನೂ ಉಳಿದಿದ್ದರೆ, ಅದರ ಮೇಲೆ ಬಣ್ಣ ಬಿದ್ದಿರದಿದ್ದರೆ, ಒಂದು ಬ್ಯಾಟರಿಯನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಬಹುದು. ಗುಳಿಯ ತಳ ಒರಟಾಗಿದ್ದರೆ ಅದು ಎದ್ದುಹೋದ ಚಕ್ಕೆಯ ಗುರುತು. ತಳ ನುಣುಪಾಗಿ, ಅಂಚು ದುಂಡಗಿದ್ದರೆ ಕಲ್ಕುಟಿಗನ ಉಳಿ ಅಲ್ಲಿ ಆಡಿದೆ.